ದನಿಯೇ ಗುರುತಿನ ಚೀಟಿಯಾದಾಗ

ರಾತ್ರಿ ತಡವಾಗಿ ಮನೆಗೆ ಬಂದು ಬಾಗಿಲು ಬಡಿಯುತ್ತೀರಿ. ಒಳಗಿನಿಂದ ಅವ್ವ “ಯಾರದು?” ಎನ್ನುತ್ತಾಳೆ. “ನಾ ಬೇ, ಬಾಗಿಲಾ ತಗೀ” ಎನ್ನುತ್ತೀರಿ. ನೀವು ಹೆಸರು ಹೇಳಲಿಲ್ಲ, ಮುಖ ತೋರಿಸಲಿಲ್ಲ. ಆದರೂ ಚಿಲಕ ತೆರೆಯುತ್ತದೆ. ಅವ್ವನ ಕಿವಿ ಮಾಡುವ ಈ ಕೆಲಸವನ್ನು ಗಣಕಯಂತ್ರದಿಂದ ಮಾಡಿಸುವ ವಿಧಾನಕ್ಕೆ ಧ್ವನಿ ಬಯೋಮೆಟ್ರಿಕ್ಸ್ ಎಂದು ಹೆಸರು. ಯಂತ್ರಕ್ಕೆ ಇದು ಹೇಗೆ ಸಾಧ್ಯ? ಅದನ್ನು ಎಷ್ಟರಮಟ್ಟಿಗೆ ನಂಬಬಹುದು? ನೋಡೋಣ.

ಶ್ವಾಸಕೋಶದಿಂದ ಬರುವ ಗಾಳಿ ಗಂಟಲಿನ ಧ್ವನಿತಂತುಗಳನ್ನು ಕಂಪಿಸುವಂತೆ ಮಾಡುತ್ತದೆ. ವಯಸ್ಕ ಗಂಡಸರಲ್ಲಿ ಈ ಕಂಪನ ಸೆಕೆಂಡಿಗೆ ಸುಮಾರು 120 ಬಾರಿ, ಹೆಂಗಸರಲ್ಲಿ ಸುಮಾರು 210 ಬಾರಿ. ಈ ನಾದ ಗಂಟಲು, ಬಾಯಿ, ಮೂಗುಗಳ ಪೊಳ್ಳಿನಲ್ಲಿ ಹಾದು ಬರುವಾಗ ಕೆಲವು ಕಂಪನಗಳು ಬಲಗೊಳ್ಳುತ್ತವೆ, ಕೆಲವು ಕುಗ್ಗುತ್ತವೆ. ಒಂದೇ ಕೈ ಬಡಿದರೂ ಸಣ್ಣ ಕೊಡದ ಸದ್ದು ಬೇರೆ, ದೊಡ್ಡ ಹಂಡೆಯ ಸದ್ದು ಬೇರೆ ಅಲ್ಲವೇ? ಹಾಗೆಯೇ ಪ್ರತಿಯೊಬ್ಬರ ಬಾಯಿ-ಗಂಟಲಿನ ಆಕಾರ ದನಿಗೆ ತನ್ನದೇ ಬಣ್ಣ ಕೊಡುತ್ತದೆ. ಇದರ ಜೊತೆಗೆ ರೂಢಿಯೂ ಸೇರುತ್ತದೆ. ಜಮಖಂಡಿಯವರ ಮಾತಿನ ರಾಗವೇ ಬೇರೆ, ಮೈಸೂರಿನವರದೇ ಬೇರೆ.

ಯಂತ್ರದ ಕೆಲಸ ಎರಡು ಹಂತದ್ದು. ಮೊದಲು ನೋಂದಣಿ. ನೀವು ಕೆಲವು ವಾಕ್ಯ ನುಡಿಯುತ್ತೀರಿ; ಯಂತ್ರ ಅದನ್ನು ಸೆಕೆಂಡಿನ ನೂರನೇ ಒಂದೆರಡು ಭಾಗದಷ್ಟು ಚಿಕ್ಕ ತುಣುಕುಗಳಾಗಿ ಅಳೆದು, ಅಂಕಿಗಳ ಒಂದು ಮಾದರಿಯಾಗಿ ಇಟ್ಟುಕೊಳ್ಳುತ್ತದೆ. ಎರಡನೆಯದು ತಾಳೆ. ಮತ್ತೆ ನೀವು ಮಾತನಾಡಿದಾಗ ಹೊಸ ಅಂಕಿಗಳನ್ನು ಹಳೆಯ ಮಾದರಿಯೊಡನೆ ಹೋಲಿಸಿ ಅಂಕ ಕೊಡುತ್ತದೆ.

ಇಲ್ಲೇ ತೊಡಕು. ಒಬ್ಬನೇ ಮನುಷ್ಯ ಒಂದೇ ಪದವನ್ನು ಎರಡು ಸಲ ಹೇಳಿದರೂ ಅದು ತದ್ರೂಪವಾಗಿರುವುದಿಲ್ಲ. ನೆಗಡಿ, ವಯಸ್ಸು, ಸಿಟ್ಟು ದನಿಯನ್ನು ಬದಲಿಸುತ್ತವೆ. ರಬಕವಿ-ಬನಹಟ್ಟಿಯ ವಿದ್ಯುತ್ ಮಗ್ಗದ ಪಕ್ಕದಲ್ಲಿ ನಿಂತು ಮಾತನಾಡಿದರೆ ಮಗ್ಗದ ಸದ್ದೂ ದನಿಯೊಡನೆ ಬೆರೆಯುತ್ತದೆ. ಆದ್ದರಿಂದ ನೂರಕ್ಕೆ ನೂರು ಹೊಂದಿಕೆ ಕೇಳುವಂತಿಲ್ಲ; ಪರೀಕ್ಷೆಯಂತೆ ಒಂದು ಪಾಸಿನ ಅಂಕ ಇಡಬೇಕು. ಅದನ್ನು 70ಕ್ಕೆ ಇಟ್ಟಿದ್ದಾರೆ ಎಂದುಕೊಳ್ಳಿ. 90ಕ್ಕೆ ಏರಿಸಿದರೆ ಕಳ್ಳರು ಹೊರಗುಳಿಯುತ್ತಾರೆ, ಆದರೆ ನೆಗಡಿಯಾದ ಯಜಮಾನನೂ ಹೊರಗುಳಿಯುತ್ತಾನೆ. 50ಕ್ಕೆ ಇಳಿಸಿದರೆ ಯಜಮಾನ ಸುಲಭವಾಗಿ ಒಳಗೆ ಬರುತ್ತಾನೆ, ಅವನ ಹಿಂದೆಯೇ ಕಳ್ಳನೂ ಬರುತ್ತಾನೆ. ಒಂದು ತಪ್ಪು ಕಡಿಮೆಯಾದರೆ ಇನ್ನೊಂದು ಹೆಚ್ಚುತ್ತದೆ.

1962ರಲ್ಲಿ ಅಮೆರಿಕದ ಬೆಲ್ ಪ್ರಯೋಗಾಲಯದ ಲಾರೆನ್ಸ್ ಕೆರ್ಸ್ಟಾ, ದನಿಯ ಚಿತ್ರವನ್ನು ಬೆರಳಚ್ಚಿನಂತೆಯೇ ಬಳಸಬಹುದೆಂದು ವಾದಿಸಿದರು. ಆ ಭರವಸೆ ಅತಿಯಾಯಿತೆಂದು ಮುಂದಿನ ವಿಜ್ಞಾನಿಗಳು ಎಚ್ಚರಿಸಿದರು. ಆದರೂ ಸಂಶೋಧನೆ ನಿಲ್ಲಲಿಲ್ಲ. ಗುವಾಹಟಿಯ ಐಐಟಿಯಲ್ಲಿ ಪ್ರಾಧ್ಯಾಪಕ ಎಸ್. ಆರ್. ಮಹದೇವ ಪ್ರಸನ್ನ ಅವರ ತಂಡ ದನಿಯಿಂದಲೇ ಹಾಜರಿ ಹಾಕುವ ವ್ಯವಸ್ಥೆಯನ್ನು ರೂಪಿಸಿತು. ಅವರು ಮುಂದೆ ನಮ್ಮ ಧಾರವಾಡದ ಐಐಟಿಗೆ ಬಂದರು.

ನಮ್ಮ ಭಾಗಕ್ಕೆ ಇದರಿಂದೇನು? ಆಧಾರ್‌ನಲ್ಲಿ ಹತ್ತು ಬೆರಳಚ್ಚು, ಎರಡು ಕಣ್ಣು, ಮುಖಚಿತ್ರ ಇವೆ, ದನಿ ಇಲ್ಲ. ಮುಧೋಳದ ಕಬ್ಬಿನ ಹೊಲದಲ್ಲಿ, ಬನಹಟ್ಟಿಯ ಮಗ್ಗದಲ್ಲಿ ದುಡಿದ ಕೈಗಳ ಬೆರಳಗೆರೆ ಸವೆದಿದ್ದರೆ ಯಂತ್ರ ಅದನ್ನು ಗುರುತಿಸದೆ ಹೋಗಬಹುದು. ದನಿಯಾದರೋ ದೂರದಿಂದಲೂ ಸಾಗುತ್ತದೆ. ಬೀಳಗಿ ತಾಲ್ಲೂಕಿನ ಹಳ್ಳಿಯ ಅಜ್ಜನೊಬ್ಬ ಮನೆಯಿಂದಲೇ ಫೋನಿನಲ್ಲಿ ತನ್ನ ಗುರುತು ಹೇಳಬಹುದು. ಓದು-ಬರಹ ಬಾರದವರಿಗೂ ಇದು ಸುಲಭ.

ಆದರೆ ದೂರದಿಂದ ಸಾಗುವ ಗುರುತನ್ನು ದೂರದಿಂದಲೇ ಕದಿಯಲೂಬಹುದು. 2017ರಲ್ಲಿ ಬ್ರಿಟನ್ನಿನಲ್ಲಿ ಬಿಬಿಸಿ ವರದಿಗಾರನ ಅವಳಿ ಸಹೋದರ, ಹಲವು ಪ್ರಯತ್ನಗಳ ನಂತರ, ಅಣಕು ದನಿಯಿಂದಲೇ ಬ್ಯಾಂಕೊಂದರ ವ್ಯವಸ್ಥೆಯನ್ನು ದಾಟಿದ. ಧ್ವನಿಮುದ್ರಿಕೆಯ ಮೋಸ ತಡೆಯಲು “ಈಗ 4, 9, 2 ಎಂದು ಹೇಳಿ” ಎಂದು ಯಂತ್ರ ಕೇಳುವುದುಂಟು. ಈಗಿನ ಕೃತಕ ಬುದ್ಧಿಮತ್ತೆಯ ತಂತ್ರಾಂಶಕ್ಕೆ ಕೆಲವೇ ಸೆಕೆಂಡುಗಳ ದನಿ ಸಿಕ್ಕರೂ ಸಾಕು, ಅದೇ ದನಿಯಲ್ಲಿ ಯಾವ ಅಂಕಿಯನ್ನಾದರೂ ನುಡಿಯಬಲ್ಲದು. ಸಂಕೇತಪದ ಕಳುವಾದರೆ ಬದಲಿಸಬಹುದು, ಕಂಠವನ್ನು ಬದಲಿಸಲಾದೀತೇ? ಆದ್ದರಿಂದ ಹಣದ ಬಾಗಿಲಿಗೆ ದನಿಯೊಂದೇ ಕೀಲಿಯಾಗಬಾರದು. ಜೊತೆಗೆ ಸಂಕೇತಪದವೋ ನೋಂದಾಯಿತ ಫೋನೋ ಇರಬೇಕು.

ಮೋಸ ಹೋಗುವುದು ಯಂತ್ರವೊಂದೇ ಅಲ್ಲ, ನಮ್ಮ ಕಿವಿಯೂ ಹೌದು. ನಾಳೆ ಹೊಸ ಸಂಖ್ಯೆಯಿಂದ ಕಾಕಾನ ದನಿಯಲ್ಲೇ “ಅಪಘಾತ ಆಗೇತಿ, ಲಗೂನ ರೊಕ್ಕಾ ಕಳಸು” ಎಂಬ ಕರೆ ಬಂದರೆ ಏನು ಮಾಡುವಿರಿ? ಕರೆ ಕಡಿದುಹಾಕಿ, ನಿಮಗೆ ಗೊತ್ತಿರುವ ಕಾಕಾನ ಸಂಖ್ಯೆಗೆ ನೀವೇ ಕರೆಮಾಡಿ. ಹಣ ಹೋಗಿದ್ದರೆ ತಡಮಾಡದೆ 1930ಕ್ಕೆ ತಿಳಿಸಿ. ಮನೆಯವರೆಲ್ಲ ಸೇರಿ, ಹೊರಗಿನವರಿಗೆ ತಿಳಿಯದ ಒಂದು ಗುಟ್ಟಿನ ಮಾತನ್ನೂ ಗೊತ್ತುಮಾಡಿಕೊಳ್ಳಿ. ಈ ವಿಷಯವನ್ನು ಇಂದು ರಾತ್ರಿ ಊಟಕ್ಕೆ ಕುಳಿತಾಗ ಅವ್ವನಿಗೂ ಅಜ್ಜನಿಗೂ ಹೇಳುವಿರಲ್ಲವೇ?