ಕಲ್ಲು ನಿಂತ ಎಡೆ

ವಸ್ತುಸಂಗ್ರಹಾಲಯಕ್ಕೆ ಹೋದವರು ಶಿಲ್ಪದ ಅಂದವನ್ನು ನೋಡುತ್ತಾರೆ, ಕೆಳಗಿನ ಚೀಟಿಯನ್ನು ಓದುತ್ತಾರೆ, ಮುಂದಕ್ಕೆ ನಡೆಯುತ್ತಾರೆ. ಆ ಕಲ್ಲು ಮೊದಲು ಎಲ್ಲಿ ನಿಂತಿತ್ತೆಂದು ಕೇಳುವವರು ವಿರಳ. ಪ್ರಾಚೀನ ವಸ್ತುಗಳ ವಿಷಯದಲ್ಲಿ ಮೊದಲು ಕೇಳಬೇಕಾದ ಪ್ರಶ್ನೆಯೇ ಅದು.

ಗ್ರೀಸ್ ದೇಶದ ಡೆಲೋಸ್ ದ್ವೀಪದಲ್ಲಿ ಇದಕ್ಕೊಂದು ನಿದರ್ಶನವುಂಟು. ಕ್ರಿ. ಪೂ. 600ರ ಸುಮಾರಿಗೆ ನ್ಯಾಕ್ಸೋಸಿನ ಜನರು ಅಪೊಲೋ ದೇವನ ಆ ಕ್ಷೇತ್ರಕ್ಕೆ ಒಪ್ಪಿಸಿದ ಅಮೃತಶಿಲೆಯ ಸಿಂಹಗಳು ಬಯಲಿನಲ್ಲಿ ಸಾಲಾಗಿ ಕುಳಿತಿದ್ದುವು. ಗಾಳಿಮಳೆಗೆ ಅವು ಸವೆಯುತ್ತಿದ್ದುದರಿಂದ 1999ರಲ್ಲಿ ಮೂಲಶಿಲ್ಪಗಳನ್ನು ಅದೇ ದ್ವೀಪದ ಸಂಗ್ರಹಾಲಯಕ್ಕೆ ಸಾಗಿಸಿ, ಬಯಲಿನಲ್ಲಿ ಪ್ರತಿಕೃತಿಗಳನ್ನು ಇರಿಸಿದರು. ಸಿಂಹಗಳು ಉಳಿದುವು, ಸ್ಥಳವೂ ಬರಿದಾಗಲಿಲ್ಲ. ಅದೇ ಸಾಲಿನ ಇನ್ನೊಂದು ಸಿಂಹವಾದರೋ ಬಹುಕಾಲದ ಹಿಂದೆಯೇ ವೆನಿಸ್ ನಗರವನ್ನು ಸೇರಿ, ಅಲ್ಲಿನ ಹಡಗುಕಟ್ಟೆಯ ಬಾಗಿಲಲ್ಲಿ ಬೇರೊಂದು ತಲೆಯನ್ನು ಹೊತ್ತು ಕುಳಿತಿದೆ.

ಹತ್ತಿರದ ಚಾಮರಾಜನಗರಕ್ಕೆ ಬರೋಣ. ಇದರ ಹಿಂದಿನ ಹೆಸರು ಅರಿಕುಠಾರ. ಖಾಸಾ ಚಾಮರಾಜ ಒಡೆಯರು 1774ರಲ್ಲಿ ಇಲ್ಲಿ ಹುಟ್ಟಿದರು, 1796ರಲ್ಲಿ ತೀರಿಕೊಂಡರು. ಆಗ ಅವರ ಮಗನಿಗೆ ಎರಡು ವರ್ಷವೂ ತುಂಬಿರಲಿಲ್ಲ. ಆ ಮಗುವೇ ಮುಂದೆ ಮುಮ್ಮಡಿ ಕೃಷ್ಣರಾಜ ಒಡೆಯರಾಗಿ, ನೆನಪಿನಲ್ಲಿ ಉಳಿಯದ ತಂದೆಯ ಹೆಸರನ್ನು ಈ ಊರಿಗಿಟ್ಟು, 1826ರಲ್ಲಿ ಚಾಮರಾಜೇಶ್ವರ ದೇವಾಲಯವನ್ನು ಕಟ್ಟಿಸಿದರು. ಹುಟ್ಟಿದ ಎಡೆಯಲ್ಲಿ ಜನನ ಮಂಟಪವಿದೆ.

ಗುಂಡ್ಲುಪೇಟೆಯ ಕಥೆ ಇದರ ಮರುಮುಖ. ಚಿಕ್ಕದೇವರಾಜ ಒಡೆಯರ ತಂದೆ ಇಲ್ಲಿ ಕಾಲವಾದರು. ಅವರ ಸ್ಮರಣೆಗಾಗಿ ಮಗನು ಪರವಾಸುದೇವ ದೇವಾಲಯವನ್ನು ಕಟ್ಟಿಸಿದನು. ಅದು ಬಹುಕಾಲ ಪಾಳುಬಿದ್ದಿತ್ತು. ಒಂದೂರಿನಲ್ಲಿ ತಂದೆಯ ಹುಟ್ಟು, ಇನ್ನೊಂದೂರಿನಲ್ಲಿ ತಂದೆಯ ಸಾವು. ಎರಡು ಕಡೆಯೂ ಮಕ್ಕಳ ನೆನಪು ಕಲ್ಲಾಗಿದೆ. ಈ ಕಲ್ಲುಗಳನ್ನು ಬೇರೆಡೆ ಜೋಡಿಸಿದರೆ ಶಿಲ್ಪ ಉಳಿದೀತು. ಕಟ್ಟಿಸಿದ ಕಾರಣ ಉಳಿಯದು.

ಶಾಸನಗಳ ಮಾತೂ ಹೀಗೆಯೇ. ಈ ಎರಡು ತಾಲ್ಲೂಕುಗಳ ಶಾಸನಗಳನ್ನು ಬಿ. ಎಲ್. ರೈಸರು 1898ರಲ್ಲಿ 'ಎಪಿಗ್ರಾಫಿಯ ಕರ್ನಾಟಿಕ'ದ ನಾಲ್ಕನೆಯ ಸಂಪುಟದಲ್ಲಿ ಅಚ್ಚುಮಾಡಿಸಿದರು. ಪುಸ್ತಕವಿರುವಾಗ ಕಲ್ಲೇಕೆ ಎನ್ನಬಹುದು. ದಾನಶಾಸನವು ಮೂಡಲಿಗೆ ಕೆರೆ, ತೆಂಕಲಿಗೆ ಹಳ್ಳ ಎಂದು ಎಲ್ಲೆ ಹೇಳುತ್ತದೆ. ಕಲ್ಲು ನೆಟ್ಟಲ್ಲಿಯೇ ಇದ್ದರೆ ನಾವು ತಿರುಗಿ ನಿಂತು ಆ ಕೆರೆಯನ್ನು ಹುಡುಕಬಹುದು; ಕಿತ್ತ ಮೇಲೆ ಮೂಡಲು ಯಾವುದು, ತೆಂಕಲು ಯಾವುದು?

ಒಮ್ಮೆ ವಿದ್ಯಾರ್ಥಿಗಳೊಡನೆ ಹೋದಾಗ, ಹಳ್ಳಿಯೊಂದರ ಕೆರೆಯಲ್ಲಿ ಅಕ್ಷರವಿದ್ದ ಚಪ್ಪಡಿಯ ಮೇಲೆ ಬಟ್ಟೆ ಒಗೆಯುತ್ತಿದ್ದುದನ್ನು ಕಂಡೆವು. ಒಗೆಯುತ್ತಿದ್ದ ಮುದುಕಿಯನ್ನು ಕೇಳಿದುದಕ್ಕೆ, "ಇದೇನು ಬರೆದದೆ ಅಂತ ನಮಗೆ ಯಾರೂ ಹೇಳ್ನಿಲ್ಲ ಕಣಪ್ಪ" ಎಂದಳು. ತಪ್ಪು ಆಕೆಯದಲ್ಲ, ಓದಬಲ್ಲ ನಮ್ಮದು. ಅಪಾಯದಲ್ಲಿರುವ ಕಲ್ಲಿಗೆ ಸಂಗ್ರಹಾಲಯವೇ ಆಶ್ರಯ. ಆದರೆ ಅದು ನಿಂತ ಎಡೆಯನ್ನು ಬರೆದಿಟ್ಟ ಬಳಿಕವೇ ಸಾಗಿಸಬೇಕು. ಉಳಿದವುಗಳಿಗೆ ಊರಿನವರೇ ಕಾವಲು. ಅವರಿಗೆ ಅದನ್ನು ಓದಿ ಹೇಳುವುದು ನಮ್ಮ ಪಾಲಿನ ಕೆಲಸ.