ರಾಸು ಸತ್ತರೂ ಉಣುಗು ಸಾಯುವುದಿಲ್ಲ



ಬದುಕಿರುವ ಹಸುವಿನ ಮೈಮೇಲೆ ಉಣುಗು ಕಂಡರೆ ಏನು ಮಾಡಬೇಕೆಂದು ನಿಮಗೆ ಹೇಳಿಕೊಡಬೇಕಿಲ್ಲ. ಆದರೆ ಉಣುಗು ಹಿಡಿದ ರಾಸು ಕೊಟ್ಟಿಗೆಯಲ್ಲೇ ಸತ್ತು ಬಿದ್ದಾಗ ಏನು ಮಾಡಬೇಕು? ಆ ದುಃಖದಲ್ಲಿ ಉಣುಗಿನ ನೆನಪು ಯಾರಿಗೂ ಬರುವುದಿಲ್ಲ. ಪಕ್ಕದ ಗೂಟದಲ್ಲಿರುವ ಹಸುಗಳಿಗೆ ಮತ್ತು ನಿಮ್ಮ ಮನೆಯವರಿಗೆ ಅಪಾಯ ಹೆಚ್ಚುವುದು ಆ ಕೆಲವು ಗಂಟೆಗಳಲ್ಲೇ.

ಸತ್ತ ಮೈಮೇಲೆ ಆಗುವುದೇನು?

ಉಣುಗಿಗೆ ಬೇಕಾದದ್ದು ಬಿಸಿ ರಕ್ತ. ರಾಸು ಸತ್ತು ಮೈ ತಣ್ಣಗಾಗುತ್ತಾ ಬಂದಂತೆ ಉಣುಗುಗಳು ಚರ್ಮ ಬಿಟ್ಟು ಇಳಿಯತೊಡಗುತ್ತವೆ. ಹಾಗೆ ಇಳಿಯುವುದರಲ್ಲಿ ಎರಡು ಬಗೆ. ಹೊಟ್ಟೆ ತುಂಬ ರಕ್ತ ಕುಡಿದು ಬೂದುಬಣ್ಣಕ್ಕೆ ತಿರುಗಿದ ಹೆಣ್ಣು ಉಣುಗು ಗೋಡೆಯ ಬಿರುಕು, ಗೋದಲಿಯ ಅಡಿ, ಸಗಣಿ ಒಣಗಿದ ಮೂಲೆ ಹುಡುಕಿ ಮೊಟ್ಟೆ ಇಡುತ್ತದೆ. ಒಂದೊಂದೂ 2,000ಕ್ಕಿಂತ ಹೆಚ್ಚು ಮೊಟ್ಟೆ ಇಡಬಲ್ಲದು. ಹೊಟ್ಟೆ ತುಂಬದ ಉಣುಗು ಬೇರೆ ಪ್ರಾಣಿಯನ್ನು ಹುಡುಕುತ್ತದೆ. ಅದರ ಮುಂಗಾಲಿನ ತುದಿಯಲ್ಲಿ ಉಸಿರು, ವಾಸನೆ, ಬಿಸಿಯನ್ನು ಗುರುತಿಸುವ ಅಂಗವಿದೆ. ಹತ್ತಿರ ಕಟ್ಟಿದ ಹಸು, ಮೂಸಲು ಬಂದ ನಾಯಿ, ಕಾಲು ಹಿಡಿದು ಎಳೆಯುವ ಮನುಷ್ಯ, ಯಾರಾದರೂ ಅದಕ್ಕೆ ಆದೀತು.

ವೈದ್ಯರು ಬರುವವರೆಗೆ

ವಿಮೆ ಮಾಡಿಸಿದ ರಾಸಾದರೆ ವೈದ್ಯರು ಬಂದು ಮರಣೋತ್ತರ ಪರೀಕ್ಷೆ ಮಾಡುವ ತನಕ ಹೂಳುವಂತಿಲ್ಲ, ಕಿವಿಯೋಲೆ ತೆಗೆಯುವಂತಿಲ್ಲ. ಇದಕ್ಕೆ ಕೆಲವೊಮ್ಮೆ ಅರ್ಧ ದಿನವೇ ಹಿಡಿಯುತ್ತದೆ. ಈ ಸಮಯದಲ್ಲಿ ಸತ್ತ ರಾಸನ್ನು ಕದಲಿಸಬೇಡಿ, ಬದುಕಿರುವ ರಾಸುಗಳನ್ನು ಬೇರೆ ಕಡೆ ಕಟ್ಟಿ. ನಾಯಿಯನ್ನು ಕಟ್ಟಿಹಾಕಿ, ಮಕ್ಕಳನ್ನು ದೂರವಿಡಿ.

ವೈದ್ಯರಿಗೆ ಫೋನ್ ಮಾಡಿದಾಗಲೇ, ಮೈಮೇಲೆ ಉಣುಗಿನ ಔಷಧಿ ಸಿಂಪಡಿಸಬಹುದೇ ಎಂದು ಕೇಳಿ. ವಿಷ ತಿಂದು ಸತ್ತಿರುವ ಅನುಮಾನವಿದ್ದರೆ ಮೈಮೇಲೆ ಸಿಂಪಡಿಸಬೇಡಿ, ಪರೀಕ್ಷೆ ಕೆಡುತ್ತದೆ. ಆಗ ಸುತ್ತಲಿನ ನೆಲ ಮತ್ತು ಗೋಡೆಯ ಬುಡಕ್ಕೆ ಮಾತ್ರ ಹೊಡೆಯಿರಿ.

ಇನ್ನೊಂದು ಮಾತು ಮರೆಯಬೇಡಿ. ಚೆನ್ನಾಗಿದ್ದ ರಾಸು ದಿಢೀರನೆ ಸತ್ತು ಮೂಗು, ಬಾಯಿ, ಗುದದ್ವಾರದಿಂದ ಕಪ್ಪು ರಕ್ತ ಬರುತ್ತಿದ್ದರೆ ಆಂಥ್ರಾಕ್ಸ್ ಇರಬಹುದು. ಅಂಥ ರಾಸಿನ ಚರ್ಮ ಸುಲಿಯಲೂಬಾರದು, ಹೊಟ್ಟೆ ಸೀಳಲೂಬಾರದು. ವೈದ್ಯರು ಹೇಳಿದಂತೆಯೇ ನಡೆದುಕೊಳ್ಳಿ.

ಸಾಗಿಸುವಾಗ, ಹೂಳುವಾಗ

ಕೈಗೆ ಗ್ಲೌಸ್, ಕಾಲಿಗೆ ಗಮ್ ಬೂಟು, ತುಂಬುತೋಳಿನ ಅಂಗಿ ಇರಲಿ. ಪ್ಯಾಂಟಿನ ತುದಿ ಬೂಟಿನೊಳಗೆ ಸೇರಿರಲಿ. ರಾಸು ಬಿದ್ದಿದ್ದ ಜಾಗದ ಹುಲ್ಲು, ಸೊಪ್ಪು, ತರಗೆಲೆಯನ್ನು ಗೊಬ್ಬರದ ಗುಂಡಿಗೆ ಹಾಕಬೇಡಿ. ಅಲ್ಲಿ ಉಣುಗು ಬದುಕಿ ಮೊಟ್ಟೆ ಇಟ್ಟೀತು. ಕೊಟ್ಟಿಗೆಯಿಂದ ದೂರ ಒಯ್ದು ಸುಟ್ಟುಬಿಡಿ. ಬಾವಿ, ಹಳ್ಳದಿಂದ ದೂರದಲ್ಲಿ ಆಳವಾದ ಗುಂಡಿ ತೆಗೆದು, ಮೇಲೆ ಸುಣ್ಣ ಹಾಕಿ ಹೂಳಿ. ಮುಗಿದ ಮೇಲೆ ಬಟ್ಟೆಯನ್ನು ಬಿಸಿನೀರಿನಲ್ಲಿ ನೆನೆಹಾಕಿ, ಸೋಪು ಹಚ್ಚಿ ಸ್ನಾನ ಮಾಡಿ. ಕಂಕುಳು, ತೊಡೆಸಂದು, ಕಿವಿಯ ಹಿಂದೆ, ಸೊಂಟದ ಸುತ್ತ ಉಣುಗು ಕಚ್ಚಿದೆಯೇ ನೋಡಿಕೊಳ್ಳಿ. ಕಚ್ಚಿದ್ದರೆ ಚಿಮುಟದಿಂದ ಚರ್ಮಕ್ಕೆ ತಾಗಿ ಹಿಡಿದು ನೇರವಾಗಿ ಎಳೆಯಿರಿ. ಉಗುರಿನಿಂದ ಕುಕ್ಕಬೇಡಿ, ಅದರ ಹೊಟ್ಟೆಯ ರಕ್ತದಲ್ಲಿ ರೋಗಾಣು ಇರಬಹುದು.

ಉಳಿದ ರಾಸುಗಳ ಮೇಲೆ ನಿಗಾ

ಮರುದಿನವೇ ಕೊಟ್ಟಿಗೆಯ ಬಿರುಕು ಮುಚ್ಚಿ, ಸುಣ್ಣ ಬಳಿಯಿರಿ. ಉಳಿದ ಎಲ್ಲ ರಾಸುಗಳಿಗೂ ಒಂದೇ ದಿನ ಔಷಧಿ ಸಿಂಪಡಿಸಿ. ಪ್ರಮಾಣ ಶೀಶೆಯ ಮೇಲೆ ಬರೆದಷ್ಟೇ ಇರಲಿ. ಮೊದಲು ಹೊಟ್ಟೆ ತುಂಬ ನೀರು ಕುಡಿಸಿ, ಮೈ ನೆಕ್ಕದಂತೆ ನೋಡಿಕೊಳ್ಳಿ. ಕಿವಿಯೊಳಗೆ, ಬಾಲದ ಬುಡ, ತೊಡೆಸಂದು, ಕೆಚ್ಚಲಿನ ಸುತ್ತ ಬಿಡಬೇಡಿ. ಹಾಲು ಕರೆದ ಮೇಲೆ ಸಿಂಪಡಿಸಿ, ಮುಂದಿನ ಬಾರಿ ಕರೆಯುವ ಮೊದಲು ಕೆಚ್ಚಲು ತೊಳೆಯಿರಿ. ದನದ ಉಣುಗು ಮೈಮೇಲೆ ಸುಮಾರು ಮೂರು ವಾರ ಇರುತ್ತದೆ, ನೆಲದಲ್ಲಿಟ್ಟ ಮೊಟ್ಟೆ ಒಡೆಯುವುದು ವಾರಗಳ ನಂತರ. ಹಾಗಾಗಿ 15 ದಿನಕ್ಕೊಮ್ಮೆಯಂತೆ ಎರಡು ಮೂರು ಸಲವಾದರೂ ಸಿಂಪಡಿಸಬೇಕಾಗುತ್ತದೆ. ಹಾಲು ಕೊಡುವ ಹಸುವಿಗೆ ಐವರ್ಮೆಕ್ಟಿನ್ ಚುಚ್ಚುಮದ್ದನ್ನು ನೀವಾಗಿಯೇ ಕೊಡಿಸಬೇಡಿ, ಔಷಧಿಯ ಅಂಶ ಹಾಲಿಗೆ ಬರುತ್ತದೆ.

ಮುಂದಿನ ಮೂರು ವಾರ ಎಚ್.ಎಫ್., ಜೆರ್ಸಿ ಮಿಶ್ರತಳಿ ಹಸುಗಳನ್ನು ದಿನವೂ ಗಮನಿಸಿ. ಹಾಲು ಒಮ್ಮೆಲೇ ಇಳಿದರೆ, ಜ್ವರ ಬಂದು ಕತ್ತು ಅಥವಾ ತೊಡೆಯ ಮುಂದಿನ ಗಂಟು ಊದಿದರೆ ಥೈಲೇರಿಯಾ ಇರಬಹುದು. ಮೂತ್ರ ಕಾಫಿ ಬಣ್ಣಕ್ಕೆ ತಿರುಗಿದರೆ ಬೆಬೇಸಿಯಾ ಇರಬಹುದು. ಎರಡನ್ನೂ ಹರಡುವುದು ಉಣುಗೇ. ಬೇಗ ಚಿಕಿತ್ಸೆ ಸಿಕ್ಕರೆ ರಾಸು ಉಳಿಯುತ್ತದೆ.

ಕಾಡಿನಲ್ಲಿ ಸತ್ತ ಪ್ರಾಣಿ ಕಂಡರೆ

ಮಲೆನಾಡಿನ ಸದಸ್ಯರು ಇದನ್ನು ವಿಶೇಷವಾಗಿ ಗಮನಿಸಬೇಕು. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸಾಯತೊಡಗಿದಾಗ ಪತ್ತೆಯಾದದ್ದೇ ಮಂಗನ ಕಾಯಿಲೆ. ಕಾಯಿಲೆ ಬಂದ ಮಂಗ ಸತ್ತರೆ ಅದರ ಮೈಯ ಉಣುಗುಗಳು ಅಲ್ಲೇ ಉದುರಿ, ಆ ಜಾಗವೇ ಅಪಾಯದ ತಾಣವಾಗುತ್ತದೆ. 2012ರಲ್ಲಿ ಬಂಡೀಪುರದಲ್ಲಿ ಸತ್ತ ಮಂಗಗಳನ್ನು ಸುಡುವ ಕೆಲಸಕ್ಕೆ ಹೋದವರಿಗೇ ಈ ಕಾಯಿಲೆ ಬಂದಿತ್ತು. ಆದ್ದರಿಂದ ಸತ್ತ ಮಂಗವನ್ನು ಮುಟ್ಟಬೇಡಿ, ನೀವೇ ಹೂಳಲೂ ಹೋಗಬೇಡಿ. ಆರೋಗ್ಯ ಕೇಂದ್ರಕ್ಕೆ ಅಥವಾ ಅರಣ್ಯ ಇಲಾಖೆಗೆ ತಿಳಿಸಿ. ಅವರು ಸುತ್ತಲೂ ಮೆಲಾಥಿಯಾನ್ ಪುಡಿ ಹಾಕಿಸುತ್ತಾರೆ. ಆ ಕಡೆಗೆ ದನ ಹೊಡೆಯಬೇಡಿ, ತರಗೆಲೆ ಗುಡಿಸಿ ತರಬೇಡಿ.

ಸತ್ತು ಬಿದ್ದ ಜಿಂಕೆ, ಕಾಡುಹಂದಿ ಕಂಡರೆ ಮಾಂಸಕ್ಕೋ ಚರ್ಮಕ್ಕೋ ಕೈ ಹಾಕುವವರು ಈಗಲೂ ಇದ್ದಾರೆ. 1972ರ ವನ್ಯಜೀವಿ ಕಾಯ್ದೆಯ ಪ್ರಕಾರ ಅದು ಅಪರಾಧ. ಅದರ ಜೊತೆಗೆ, ಕಾಡಿನ ಉಣುಗನ್ನು ಹೆಗಲ ಮೇಲೆ ಹೊತ್ತು ಮನೆಗೆ ತಂದಂತೆಯೂ ಆಗುತ್ತದೆ.

ಮಂಗನ ಕಾಯಿಲೆಯ ವೈರಾಣು ಹರಡುವ ಉಣುಗು ದೊಡ್ಡದಾದ ಮೇಲೆ ದನದ ರಕ್ತ ಹೀರುತ್ತದೆ. ಮನುಷ್ಯರನ್ನು ಹೆಚ್ಚಾಗಿ ಕಚ್ಚುವುದು ಎಳ್ಳಿಗಿಂತ ಚಿಕ್ಕದಾದ ಅದರ ಮರಿ. ಮಳೆಗಾಲ ಕಳೆದು ಬೇಸಿಗೆ ಮುಗಿಯುವವರೆಗೆ ಮರಿಗಳ ಕಾಟ ಜಾಸ್ತಿ. ಈ ಕಾಯಿಲೆ ಹಾಲಿನಿಂದ ಹರಡಿದ್ದಕ್ಕೆ ಪುರಾವೆ ಇಲ್ಲ, ಆ ಭಯ ಬೇಡ. ಆದರೆ ಕಾಡಿಗೆ ಹೋಗಿ ಬಂದ ಅಥವಾ ಉಣುಗು ಕಚ್ಚಿದ ಒಂದು ವಾರದೊಳಗೆ ಜೋರು ಜ್ವರ, ತಲೆನೋವು, ಮೈಕೈ ನೋವು ಬಂದರೆ ಮಾತ್ರೆ ನುಂಗಿ ಮನೆಯಲ್ಲೇ ಮಲಗಬೇಡಿ. ಆಸ್ಪತ್ರೆಗೆ ಹೋಗಿ, ಉಣುಗಿನ ವಿಷಯವನ್ನು ಮೊದಲು ಹೇಳಿ.

ನಷ್ಟ ಒಂದು ರಾಸಿಗೇ ನಿಲ್ಲಬೇಕಾದರೆ ಉಣುಗು ಇಳಿದು ಹರಡುವ ಮೊದಲೇ ಕೆಲಸ ಶುರುವಾಗಬೇಕು. ರಾಸು ಸತ್ತ ಕೂಡಲೇ ಸಂಘದ ಕಾರ್ಯದರ್ಶಿಗೆ ತಿಳಿಸಿ, ವೈದ್ಯರನ್ನು ಕರೆಸಿ. ಉಳಿದ ರಾಸುಗಳಲ್ಲಿ ಕಾಯಿಲೆ ಕಂಡರೆ ಪಶು ಸಂಜೀವಿನಿಯ 1962ಕ್ಕೂ ಕರೆ ಮಾಡಬಹುದು.