ಕಂಪ್ಯೂಟರಿನೊಳಗೊಬ್ಬ ದುಭಾಷಿ



ಕಾಸರಗೋಡಿನ ಕನ್ನಡ ಮಾಧ್ಯಮ ಶಾಲೆಗಳ ಮಕ್ಕಳಿಗೆ ಲಿನಕ್ಸ್ ಎಂಬ ಹೆಸರು ಹೊಸದಲ್ಲ. ಕೇರಳದ ಸರಕಾರಿ ಶಾಲೆಗಳಲ್ಲಿ ಐಟಿ ಪಾಠ ನಡೆಯುವುದು ಈ ಮುಕ್ತ ತಂತ್ರಾಂಶದ ಮೇಲೆಯೇ. 'ಕೈಟ್' ಸಂಸ್ಥೆ ಸಿದ್ಧಪಡಿಸಿರುವ ಅದರ ಪ್ರತಿಯನ್ನು ಮನೆಯ ಕಂಪ್ಯೂಟರಿಗೂ ಹಾಕಿಕೊಳ್ಳಬಹುದು, ಹಣ ತೆರಬೇಕಾಗಿಲ್ಲ. ಪಾಠ, ಲೆಕ್ಕ, ಚಿತ್ರ ಬಿಡಿಸುವುದು ಎಲ್ಲವೂ ಸರಾಗ. ತಕರಾರು ಶುರುವಾಗುವುದು ರಜೆಯಲ್ಲಿ. ಗೆಳೆಯನ ಮನೆಯಲ್ಲಿ ಆಡಿದ ಆಟವನ್ನು ತಂದು ಎರಡು ಸಲ ಒತ್ತಿದರೂ ಅದು ಅಲುಗಾಡುವುದಿಲ್ಲ. "ಅಪ್ಪಾ, ಈ ಕಂಪ್ಯೂಟರು ಯಾವುದಕ್ಕೂ ಆಗದು" ಎಂಬ ದೂರು. ಆಮೇಲೆ ಪೇಟೆಗೆ ಹೋಗಿ, ಪರವಾನಗಿಯಿಲ್ಲದ ವಿಂಡೋಸನ್ನು ಹಾಕಿಸಿಕೊಂಡು, ಜತೆಗೆ ನಾಲ್ಕು ವೈರಸ್ಸನ್ನೂ ಮನೆಗೆ ತರುವುದು. ಅಷ್ಟು ದೂರ ಹೋಗಬೇಕಾಗಿಲ್ಲ ಎನ್ನುವುದಕ್ಕೇ ಇಂದಿನ ಈ ಮಾತು.

ಮೊದಲು ಆಟ ಏಕೆ ಓಡುವುದಿಲ್ಲ ಎಂದು ನೋಡೋಣ. ಯಂತ್ರದ ದೋಷ ಇದಲ್ಲ. ಒಳಗಿನ ಪ್ರೊಸೆಸರು ಎರಡು ವ್ಯವಸ್ಥೆಗಳಿಗೂ ಒಂದೇ. ಕೂಡು, ಕಳೆ ಎಂಬ ಆಜ್ಞೆಗಳೂ ಒಂದೇ. ಆದರೆ ಆಟವು ಪ್ರತಿ ಕ್ಷಣವೂ ವ್ಯವಸ್ಥೆಯನ್ನು ಏನಾದರೂ ಕೇಳುತ್ತಲೇ ಇರುತ್ತದೆ: ಈ ಕಡತ ತೆರೆದುಕೊಡು, ಈ ಶಬ್ದ ನುಡಿಸು, ಪರದೆಯ ಮೇಲೆ ಈ ಚಿತ್ರ ಮೂಡಿಸು. ಹೀಗೆ ಕೇಳುವ ರೀತಿ ವಿಂಡೋಸಿನದು ಬೇರೆ, ಲಿನಕ್ಸಿನದು ಬೇರೆ. ಗಡಿಯಲ್ಲಿರುವ ನಮಗೆ ಇದನ್ನು ವಿವರಿಸಿ ಹೇಳಬೇಕೆ? ಕಚೇರಿಯಲ್ಲಿ ಅಧಿಕಾರಿ ಇದ್ದಾರೆ, ನಮ್ಮ ಕೆಲಸವೂ ನ್ಯಾಯವಾದದ್ದೇ, ಅರ್ಜಿಯ ಭಾಷೆ ಮಾತ್ರ ಅವರಿಗೆ ತಿಳಿಯದು. ಆಗ ಬೇಕಾಗುವವನು ದುಭಾಷಿ.

ಲಿನಕ್ಸಿನಲ್ಲಿ ಆ ದುಭಾಷಿಯ ಹೆಸರು 'ವೈನ್'. 1993ರಲ್ಲಿ ಕೆಲಸ ಶುರುವಾಯಿತು. 1994ರಿಂದ ಅಲೆಕ್ಸಾಂಡರ್ ಜೂಲಿಯಾರ್ ಅದರ ಹೊಣೆ ಹೊತ್ತಿದ್ದಾರೆ. 1.0 ಎಂಬ ಮೊದಲ ಪೂರ್ಣ ಆವೃತ್ತಿ ಹೊರಬಂದದ್ದು 2008ರಲ್ಲಿ. ಹದಿನೈದು ವರ್ಷ! ಸೋಮಾರಿತನದಿಂದಲ್ಲ. ವಿಂಡೋಸಿನ ಮೂಲ ಬರಹವನ್ನು ಮೈಕ್ರೋಸಾಫ್ಟ್ ತೋರಿಸುವುದಿಲ್ಲ. ಯಾವ ಪ್ರಶ್ನೆಗೆ ವಿಂಡೋಸು ಏನು ಉತ್ತರ ಕೊಡುತ್ತದೆ ಎಂದು ಹೊರಗೆ ನಿಂತು ನೋಡಿ ನೋಡಿಯೇ ಕಲಿಯಬೇಕಾಯಿತು. ಇನ್ನೊಂದು ತಮಾಷೆಯಿದೆ. ವಿಂಡೋಸಿನ ಕೆಲವು ತಪ್ಪುಗಳನ್ನೇ ನಂಬಿಕೊಂಡು ಬರೆದ ತಂತ್ರಾಂಶಗಳಿವೆ. ಅವು ಓಡಬೇಕಾದರೆ ವೈನ್ ಆ ತಪ್ಪುಗಳನ್ನೂ ತಪ್ಪದೆ ಮಾಡಬೇಕು!

ದೊಡ್ಡ ಆಟಗಳಿಗೆ ಇಷ್ಟು ಸಾಲಲಿಲ್ಲ. ಅವು ಚಿತ್ರ ಬಿಡಿಸುವುದು 'ಡೈರೆಕ್ಟ್‌ತ್ರೀಡಿ' ಎಂಬ ಮೈಕ್ರೋಸಾಫ್ಟಿನ ಪದ್ಧತಿಯಲ್ಲಿ. ಸೆಕೆಂಡಿಗೆ ಅರವತ್ತು ಚಿತ್ರ ಮೂಡಬೇಕಾದಲ್ಲಿ ದುಭಾಷಿ ತಡವರಿಸಿದರೆ ಆಟ ಮುಗ್ಗರಿಸುತ್ತದೆ. 2016ರಲ್ಲಿ 'ವಲ್ಕನ್' ಎಂಬ ಮುಕ್ತ ಚಿತ್ರಪದ್ಧತಿ ಬಂದಿತು. ಫಿಲಿಪ್ ರೆಬೋಲೆ ಎಂಬವರಿಗೆ 'ನೀಯರ್ ಆಟೋಮೆಟಾ' ಎಂಬ ಒಂದು ಆಟವನ್ನು ಲಿನಕ್ಸಿನಲ್ಲೇ ಆಡುವ ಆಸೆ. ಅದಕ್ಕಾಗಿ ಡೈರೆಕ್ಟ್‌ತ್ರೀಡಿಯ ಮಾತನ್ನು ವಲ್ಕನ್‌ಗೆ ತಿರುಗಿಸುವ 'ಡಿಎಕ್ಸ್‌ವಿಕೆ'ಯನ್ನು ಬರೆಯತೊಡಗಿದರು. ಸ್ಟೀಮ್ ಎಂಬ ಆಟದಂಗಡಿ ನಡೆಸುವ ವಾಲ್ವ್ ಕಂಪೆನಿ ಇದನ್ನೂ ವೈನನ್ನೂ ಒಂದುಗೂಡಿಸಿ, 2018ರ ಆಗಸ್ಟಿನಲ್ಲಿ 'ಪ್ರೋಟಾನ್' ಹೊರತಂದಿತು. ಇದು ಧರ್ಮಕಾರ್ಯವೇನಲ್ಲ. ಪರರ ಜಮೀನಿನಲ್ಲಿ ಅಂಗಡಿ ಇಟ್ಟವನಿಗೆ ಇರುವ ಭಯ ಆ ಕಂಪೆನಿಗೂ ಇತ್ತು. 2022ರಲ್ಲಿ ಅದು ಮಾರತೊಡಗಿದ 'ಸ್ಟೀಮ್ ಡೆಕ್' ಎಂಬ ಕೈಯಲ್ಲಿ ಹಿಡಿದು ಆಡುವ ಯಂತ್ರ ಓಡುವುದು ಲಿನಕ್ಸಿನಲ್ಲೇ.

ಮನೆಯಲ್ಲಿ ಮಾಡಬೇಕಾದ್ದು ಹೆಚ್ಚೇನಿಲ್ಲ. ಸ್ಟೀಮ್ ಹಾಕಿಕೊಂಡು, ಆಟದ ಹೆಸರಿನ ಮೇಲೆ ಮೌಸಿನ ಬಲಗುಂಡಿ ಒತ್ತಿ, ಪ್ರಾಪರ್ಟೀಸ್, ಅದರೊಳಗೆ ಕಂಪ್ಯಾಟಿಬಿಲಿಟಿ ಎಂಬಲ್ಲಿ ಪ್ರೋಟಾನನ್ನು ಆರಿಸಿದರೆ ಆಯಿತು. ಸಿಡಿಯಲ್ಲಿರುವ ಆಟಗಳಿಗೆ 'ಲೂಟ್ರಿಸ್' ಅನುಕೂಲ. ಆದರೆ ಕಂಪ್ಯೂಟರಿನ ವಯಸ್ಸು ನೋಡಿಕೊಳ್ಳಿ. ಇಂಟೆಲಿನ ಆರನೆಯ ತಲೆಮಾರಿನಿಂದ ಈಚೆಗಿನ ಚಿಪ್ಪುಗಳಲ್ಲಿ ವಲ್ಕನ್ ಸರಿಯಾಗಿ ನಡೆಯುತ್ತದೆ. ಅದಕ್ಕಿಂತ ಹಳೆಯದಾದರೆ ಹಳೆಯ ಆಟಗಳಿಗೇ ತೃಪ್ತಿಪಡಬೇಕು. ಎನ್‌ವಿಡಿಯಾ ಕಾರ್ಡಿದ್ದರೆ ಅದರ ಡ್ರೈವರನ್ನು ಬೇರೆಯಾಗಿ ಹಾಕಬೇಕು.

ಏನು ಮಾಡಿದರೂ ಓಡದ ಆಟಗಳೂ ಇವೆ. ಹತ್ತಾರು ಜನ ಅಂತರಜಾಲದಲ್ಲಿ ಕೂಡಿ ಆಡುವಾಗ ಮೋಸ ಹಿಡಿಯಲು ಕಾವಲು ತಂತ್ರಾಂಶ ಇರುತ್ತದೆ. ವ್ಯಾಲೊರಂಟಿನ ಕಾವಲುಗಾರ ವಿಂಡೋಸಿನ ತಿರುಳಿನೊಳಗೇ ಕುಳಿತಿರಬೇಕು. ಲಿನಕ್ಸಿನಲ್ಲಿ ಆ ತಿರುಳೇ ಇಲ್ಲವಲ್ಲ, ದುಭಾಷಿ ತಾನೇ ಏನು ಮಾಡಿಯಾನು? ಇನ್ನು ಕೆಲವಕ್ಕೆ ಅಡ್ಡಿ ಇರುವುದು ತಯಾರಕರ ಮನಸ್ಸಿನಲ್ಲಿ. ಅಪೆಕ್ಸ್ ಲೆಜೆಂಡ್ಸ್ ಚೆನ್ನಾಗಿಯೇ ಓಡುತ್ತಿತ್ತು; ಮೋಸಗಾರರ ನೆಪ ಹೇಳಿ 2024ರಲ್ಲಿ ಲಿನಕ್ಸಿಗೆ ಬಾಗಿಲು ಮುಚ್ಚಿದರು. ಇಂಥವನ್ನೇ ಆಡಬೇಕೆಂದು ಹಟ ಹಿಡಿದ ಮಗುವಿಗೆ ಇದ್ದದ್ದನ್ನು ಇದ್ದ ಹಾಗೆ ಹೇಳುವುದೇ ಒಳ್ಳೆಯದು.

ಹೆತ್ತವರು ಗಮನಿಸಬೇಕಾದ ಸಂಗತಿ ಒಂದುಂಟು. ವೈನ್ ದುಭಾಷಿಯೇ ಹೊರತು ಪೊಲೀಸನಲ್ಲ. ಕಳ್ಳಪ್ರತಿಯ ಆಟದಲ್ಲಿ ಅಡಗಿರುವ ವೈರಸ್ಸಿನ ಮಾತನ್ನೂ ಅದು ಅಷ್ಟೇ ಪ್ರಾಮಾಣಿಕವಾಗಿ ತಿರುಗಿಸಿ ಹೇಳೀತು. ಮನೆಯ ಫೋಟೊ, ಕಾಗದಪತ್ರಗಳಿರುವ ಕಡತಗಳೆಲ್ಲ ವೈನ್‌ನ ಕೈಗೆ ಸಿಗುವಂಥವೇ. ಲಿನಕ್ಸಿಗೆ ವೈರಸ್ ಬಾರದೆಂಬ ಧೈರ್ಯದಲ್ಲಿ ಸಿಕ್ಕಸಿಕ್ಕ ಕಡತ ಒತ್ತಬಾರದು.

ಹಳೆಯ ಆಟಗಳ ವಿಷಯದಲ್ಲಂತೂ ಲಿನಕ್ಸಿನದೇ ಮೇಲುಗೈ. ತೊಂಬತ್ತರ ದಶಕದ ಡೇವ್, ಪ್ರಿನ್ಸ್ ಆಫ್ ಪರ್ಷಿಯಾ ನೆನಪಿರುವವರು 'ಡಾಸ್‌ಬಾಕ್ಸ್' ಹಾಕಿಕೊಳ್ಳಲಿ. ವಿಂಡೋಸ್ 3.1ರ ಕಾಲದ 16 ಬಿಟ್ ಆಟಗಳನ್ನು ಇಂದಿನ 64 ಬಿಟ್ ವಿಂಡೋಸು ಒಳಗೆ ಬಿಟ್ಟುಕೊಳ್ಳುವುದೇ ಇಲ್ಲ. ಅವನ್ನು ವೈನ್ ಇಂದಿಗೂ ಮಾತನಾಡಿಸುತ್ತದೆ.

ಹೊಸ ಆಟ ಕೊಳ್ಳುವವರು ಮೊದಲು 'ಪ್ರೋಟಾನ್ ಡಿಬಿ' ಎಂಬ ತಾಣದಲ್ಲಿ ಅದರ ಹೆಸರು ಹುಡುಕಿ, ಆಡಿದವರ ಅನುಭವ ಓದಿಕೊಳ್ಳಿ. ಕೊಂಡ ಮೇಲೂ ಓಡದಿದ್ದರೆ ಹದಿನಾಲ್ಕು ದಿನದೊಳಗೆ, ಎರಡು ಗಂಟೆಗಿಂತ ಕಡಿಮೆ ಆಡಿದ್ದರೆ, ಸ್ಟೀಮಿನವರು ಹಣ ಹಿಂದೆ ಕೊಡುತ್ತಾರೆ. ಹಾಗಾಗಿ ಕೊಂಡ ದಿನವೇ ಓಡಿಸಿ ನೋಡುವುದು ಲೇಸು.